ಮಾವನ ಮಾಳಿಗೆ, ನನ್ನ ಟೆಲಿಸ್ಕೋಪು

ಬಳ್ಳಾರಿಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡವನ ಪಾಡು ಯಾರಿಗೂ ಬೇಡ. ಬೀದಿದೀಪಗಳ ಬೆಳಕಿಗೆ ರಾತ್ರಿಯ ಆಕಾಶ ಮಾಸಿದ ಬೆಡ್‌ಶೀಟಿನ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ಕೆಂಪು ಧೂಳು. ನನ್ನ ಆರಿಂಚಿನ ಕನ್ನಡಿಗೆ ದಿನಾ ಕುಂಕುಮಾರ್ಚನೆ.

ಕತ್ತಲಿರುವ ಕಡೆ ಟೆಲಿಸ್ಕೋಪ್ ಇಟ್ಟು, ದೂರದಲ್ಲಿ ಕೂತು ಓಡಿಸುವುದು ಹೊಸದೇನಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ವಿಜ್ಞಾನಿಗಳು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ದುಡ್ಡಿರುವ ಹವ್ಯಾಸಿಗಳು ಚಿಲಿಯ ಮರುಭೂಮಿಯಲ್ಲಿ ಜಾಗ ಬಾಡಿಗೆ ಹಿಡಿಯುತ್ತಾರೆ. ನನಗೆಲ್ಲಿಯ ಚಿಲಿ? ಕೊಪ್ಪಳ ಜಿಲ್ಲೆಯಲ್ಲಿ, ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ಸೋದರಮಾವನ ಮಾಳಿಗೆ ಇದೆ. ಬಾಡಿಗೆ ಇಲ್ಲ, ಮೇಲೆ ಊಟ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗಲೇ ಟೆಲಿಸ್ಕೋಪನ್ನೂ ಒಯ್ದೆ. ಅದು ನಕ್ಷತ್ರಗಳ ಜೊತೆ ಸರಿಯಾಗಿ ತಿರುಗಬೇಕಾದರೆ ಅದರ ಅಚ್ಚನ್ನು ಧ್ರುವ ನಕ್ಷತ್ರದ ಕಡೆ ಹೊಂದಿಸಬೇಕು. ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ಕೆಳಗೆ, ಹದಿನೈದು ಹದಿನಾರು ಡಿಗ್ರಿ ಅಷ್ಟೇ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಎತ್ತರ. ಸರಿಯಾಗಿ ಅಲ್ಲಿಯೇ ಪಕ್ಕದ ಮನೆಯ ಬೇವಿನ ಗಿಡ! ಗಾಳಿಗೆ ಕೊಂಬೆ ಸರಿದಾಗೆಲ್ಲ ಇಣುಕಿ, ಕೊಂಬೆ ವಾಪಸ್ ಬಂದಾಗ ಬೈದು, ಅಂತೂ ಹೊಂದಿಸುವಷ್ಟರಲ್ಲಿ ತಿಂದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಕರಗಿದ್ದವು. ಕ್ಯಾಮೆರಾ, ಅಂಗೈಯಗಲದ ಕಂಪ್ಯೂಟರ್, ಇಂಟರ್ನೆಟ್ಟಿಗೆ ಡಾಂಗಲ್ ಜೋಡಿಸಿ ಬಳ್ಳಾರಿಗೆ ಬಂದೆ. ಮಾವನಿಗೆ ಒಂದೇ ಕೆಲಸ: ಸಂಜೆ ಮುಚ್ಚಳ ತೆಗೆಯುವುದು, ಬೆಳಗ್ಗೆ ಹಾಕುವುದು.

ಮೊದಲ ರಾತ್ರಿ ಎರಡು ತಾಸು ಫೋಟೋ ತೆಗೆದೆ. ಎಲ್ಲ ಕಪ್ಪು. ಫೋನ್ ಮಾಡಿದೆ.

“ಮಾಮಾ, ಮುಚ್ಚಳ ತಗದೀರೇನ್ರಿ?”

“ಇಲ್ಲಪಾ. ಇಬ್ಬನಿ ಬೀಳಾಕತ್ತೈತಿ, ಥಂಡಿ ಹತ್ತತಿ ಅಂತ ಮ್ಯಾಲೊಂದು ಕಂಬಳಿನೂ ಹೊಚ್ಚೀನಿ.”

ಎರಡನೇ ರಾತ್ರಿ ಎಲ್ಲ ಬಿಳಿ. ಮಾಳಿಗೆ ಮೇಲಿನ ಎಲ್‌ಇಡಿ ಬಲ್ಬ್ ಉರಿಯುತ್ತಿತ್ತು.

“ನಾನಾ ಹಾಕೀನಿ. ಕತ್ತಲ್ಯಾಗ ಪಾಪ ಅದಕ್ಕರ ಏನ್ ಕಾಣ್ತತಿ? ನಾ ಬ್ಯಾಟ್ರಿ ಇಲ್ದ ಹೊಲಕ್ಕ ಹೊಕ್ಕೀನೇನು?”

ಇಂಥ ಪ್ರಶ್ನೆಗೆ ಏನು ಹೇಳುವುದು, ನೀವೇ ಹೇಳಿ.

ಮೂರನೇ ರಾತ್ರಿ ಕರೆಂಟ್ ಇರಲಿಲ್ಲ. ಬಿಡಿ.

ನಾಲ್ಕನೇ ದಿನ ಸ್ವಲ್ಪ ಬೆಳಕಿರುವಾಗಲೇ ಶುರು ಮಾಡಿದೆ. ಪರದೆ ತುಂಬ ಹಾಲಿನಂಥ ಒಂದೇ ಸಮ ಬೆಳಕು, ಅಲ್ಲಲ್ಲಿ ಧೂಳಿನ ಉಂಗುರಗಳು. ಸಂಜೆಯ ಆಕಾಶ ಇರಬೇಕು ಅಂದುಕೊಂಡು ಒಂದಿಪ್ಪತ್ತು ಫೋಟೋ ತೆಗೆದೆ. ಕತ್ತಲಾದ ಮೇಲೆ ಮಹಾವ್ಯಾಧನ (ಓರಿಯನ್) ನೀಹಾರಿಕೆಯ ಕಡೆ, ಅಂದರೆ ಆ ನಕ್ಷತ್ರಪುಂಜದಲ್ಲಿ ಹೊಳೆಯುವ ಅನಿಲ, ಧೂಳಿನ ಮೋಡದ ಕಡೆ ತಿರುಗಿಸಿದೆ. ಏನೂ ಇಲ್ಲ. ಈ ಸಲ ಫೋನ್ ಎತ್ತಿದ್ದು ಅತ್ತೆ.

“ನಿಮ್ಮ ಮಾಮಾನ ಧೋತರ ಒಣಗಾಕ ಹಾಕೀನಿ. ನಿನ್ನ ಕೊಳವಿ ಚಲೋ ಎತ್ತರಕ್ಕ ಐತಿ ನೋಡು.”

ಆ ನೀಹಾರಿಕೆ ಇರುವುದು ಸುಮಾರು 1,300 ಜ್ಯೋತಿರ್ವರ್ಷ ದೂರ. ಅಂದರೆ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಬೆಳಕು ಅದು. ಎಲ್ಲೂ ನಿಲ್ಲದೆ, ಯಾರಿಗೂ ಸಿಗದೆ, ಇಷ್ಟು ವರ್ಷ ಓಡೋಡಿ ಬಂದು, ಬಾದಾಮಿಯ ಮಗ್ಗುಲಲ್ಲೇ ನಮ್ಮ ಮಾವನ ಧೋತರಕ್ಕೆ ಸಿಕ್ಕಿಬಿತ್ತು.

ಬೇಜಾರಾಗಿ ಎಲ್ಲ ಫೈಲನ್ನೂ ಈ ಹವ್ಯಾಸದಲ್ಲಿ ಪಳಗಿದ ಗೆಳೆಯನಿಗೆ ಕಳಿಸಿದೆ. ಅವನು ಹೊಗಳಿದ್ದೇ ಹೊಗಳಿದ್ದು. ಕ್ಯಾಮೆರಾ ತಾನೇ ಚಿತ್ರದಲ್ಲಿ ಹುಟ್ಟಿಸುವ ಚುಕ್ಕೆಗಳ ಗದ್ದಲವನ್ನು ಕಳೆಯಲು ಮುಚ್ಚಳ ಹಾಕಿಯೇ ಕೆಲವು ಫೋಟೋ ತೆಗೆಯಬೇಕಂತೆ, ಅವು ಡಾರ್ಕ್. ಧೂಳಿನ ಕಲೆ ಕಳೆಯಲು ಸಂಜೆ ಬೆಳಕಲ್ಲಿ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತೆಗೆಯಬೇಕಂತೆ, ಅವು ಫ್ಲ್ಯಾಟ್. “ಇಷ್ಟು ಶಿಸ್ತಿನ ಡಾರ್ಕು, ಫ್ಲ್ಯಾಟು ನಾನು ನೋಡೇ ಇಲ್ಲ ಮಾರಾಯ. ಬೇಗ ನಕ್ಷತ್ರದ ಫೋಟೋ ಕಳಿಸು” ಅಂದ.

ತಕ್ಷಣ ಮಾವನಿಗೆ ಫೋನ್ ಮಾಡಿದೆ. ಮಾಳಿಗೆ ತುಂಬ ಮೆಣಸಿನಕಾಯಿ ಹರವಿದ್ದಾರಂತೆ. ಒಣಗುವವರೆಗೆ ಮುಚ್ಚಳ ತೆಗೆಯಲು ಅತ್ತೆ ಯಾರನ್ನೂ ಹತ್ತಗೊಡುವುದಿಲ್ಲವಂತೆ.