ಚಾಕುವಿಗೆ ಹಣವಿದೆ, ಸಾಣೆಗೆ ಇಲ್ಲ

ಕಳೆದ ತಿಂಗಳು ಅಕ್ಕ ಫೋನಿನಲ್ಲಿ ಆಡಿದ ಮಾತು ಇನ್ನೂ ಚುಚ್ಚುತ್ತಿದೆ. “ನೀನು ತಂದುಕೊಟ್ಟ ಜಪಾನಿನ ಚಾಕು ಬಾಯಿ ಮುರಿದುಕೊಂಡು ಕೂತಿದೆ ಕಣೋ. ಅದಕ್ಕಿಂತ ನಮ್ಮ ಸಂತೆಯ ಚಾಕುವೇ ವಾಸಿ.” ವಿಚಾರಿಸಿದೆ. ಕರಟದಿಂದ ಕಾಯಿ ಎಬ್ಬಿಸಲು ಅದನ್ನೇ ತೂರಿಸಿ ಮೀಟಿದ್ದಾರೆ. ದಿನವೂ ಹೆಚ್ಚುವುದು ಒಲೆಯ ಪಕ್ಕದ ಗ್ರಾನೈಟ್ ಕಟ್ಟೆಯ ಮೇಲೆ. ಒಮ್ಮೆಯಾದರೂ ಮಸೆದಿರಾ ಎಂದರೆ, “ಅಷ್ಟು ಬೆಲೆಯ ಚಾಕುವನ್ನೂ ಮಸೆಯಬೇಕೇ?” ಎಂದಳು. ಊರಿನಲ್ಲಿ ನಾನು ಬಲ್ಲ ಎಲ್ಲ ಮನೆಗಳಲ್ಲೂ ಇದೇ ಪ್ರಶ್ನೆ ಕೇಳಿದ್ದೇನೆ. ಬೆಲೆ ಹೆಚ್ಚು ಕೊಟ್ಟರೆ ಹರಿತವೂ ಶಾಶ್ವತವಾಗಿ ಬಂದುಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ.

ನಾನಿರುವುದು ಒಸಾಕಾದಲ್ಲಿ. ದಕ್ಷಿಣಕ್ಕೆ ಸ್ವಲ್ಪ ಹೊತ್ತು ರೈಲಿನಲ್ಲಿ ಹೋದರೆ ಚಾಕುಗಳಿಗೆ ಹೆಸರಾದ ಊರು ಸಕಾಯ್. ಅಲ್ಲಿನ ಒಂದು ಅಂಗಡಿಗೆ ಮೊದಲ ಸಲ ಹೋದಾಗ ಮುದುಕರೊಬ್ಬರು ಚಾಕು ತೋರಿಸುವ ಮೊದಲೇ ನನ್ನನ್ನು ವಿಚಾರಿಸಿಕೊಂಡರು: ಮನೆಯಲ್ಲಿ ಯಾವ ಸಾಣೆಕಲ್ಲು ಇದೆ, ಹೆಚ್ಚುವ ಹಲಗೆ ಯಾವುದರದ್ದು, ಅಡುಗೆ ಮಾಡುವವರು ಯಾರು. ಕಲ್ಲು ಇಲ್ಲ ಎಂದೆ. ನಾನು ಕಣ್ಣಿಟ್ಟಿದ್ದ ಚಾಕುವನ್ನು ಅವರು ಒಳಗಿಟ್ಟರು. ಅದರ ಅರ್ಧ ಬೆಲೆಯದ್ದೊಂದನ್ನೂ ಸಾವಿರ ನಂಬರಿನ (ಮಧ್ಯಮ ನುಣುಪಿನ) ಸಾಣೆಕಲ್ಲನ್ನೂ ಮುಂದಿಟ್ಟು, ಮಸೆಯುವುದನ್ನು ಕಲಿತ ಮೇಲೆ ಆ ಇನ್ನೊಂದಕ್ಕೆ ಬನ್ನಿ ಎಂದರು. ತನ್ನ ವ್ಯಾಪಾರವನ್ನು ತಾನೇ ಕಡಿಮೆ ಮಾಡಿಕೊಂಡ ಆ ವ್ಯಾಪಾರಿಯ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಹಾಗೆಯೇ ಇದೆ.

ಸಕಾಯ್‌ನಲ್ಲಿ ಹೀಗಿರುವುದಕ್ಕೆ ಕಾರಣವಿದೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ತಂಬಾಕು ಬಂದ ಮೇಲೆ ಅದರ ಎಲೆಯನ್ನು ಎಳೆಎಳೆಯಾಗಿ ಕತ್ತರಿಸುವ ಚಾಕುಗಳಿಗೆ ಈ ಊರು ಹೆಸರಾಯಿತು. ಮುಂದೆ ಜಪಾನನ್ನು ಆಳಿದ ತೊಕುಗವಾ ಮನೆತನದ ಆಡಳಿತ ಇಲ್ಲಿನ ಮಾಲಿಗೆ ತನ್ನ ಮುದ್ರೆಯನ್ನೇ ಕೊಟ್ಟಿತು. ಇಂದಿಗೂ ಇಲ್ಲಿ ಒಂದು ಚಾಕು ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಕುಲುಮೆಯವರು ಮೆದು ಕಬ್ಬಿಣಕ್ಕೆ ಉಕ್ಕನ್ನು ಬೆಸೆದು ಬಡಿದು ಹದ ಕೊಡುತ್ತಾರೆ. ಸಾಣೆಯವರು ಅಲಗಿಗೆ ಬಾಯಿ ತರುತ್ತಾರೆ. ಹಿಡಿ ಕೂರಿಸುವವರು ಬೇರೆ. ಸಾಣೆ ಹಿಡಿಯುವುದು ಕಮ್ಮಾರಿಕೆಯಷ್ಟೇ ಮಾನವಿರುವ ಕಸುಬು. ನಮ್ಮಲ್ಲಿ ಅದೇ ಕೆಲಸ ಮಾಡುವವರನ್ನು ಗೇಟಿನ ಹೊರಗೇ ನಿಲ್ಲಿಸಿ, ಕೊಡುವ ಚಿಲ್ಲರೆಯಲ್ಲೂ ಚೌಕಾಸಿ ಮಾಡುತ್ತೇವೆ.

ಬೆಲೆಯ ಮಾತಿಗೆ ಮುಂಚೆ ಉಕ್ಕಿನ ಮಾತು. ಜರ್ಮನಿಯಲ್ಲಿ ಚಾಕುಗಳಿಗೆ ಹೆಸರಾದ ಸೋಲಿಂಗೆನ್ ಊರಿನ ಚಾಕುಗಳಲ್ಲಿ ಸಾಮಾನ್ಯವಾಗಿ ಬಳಸುವ ಉಕ್ಕಿನಲ್ಲಿ ಗಡಸು ಕೊಡುವ ಇಂಗಾಲ ಶೇ. 0.5ರ ಆಸುಪಾಸು, ತುಕ್ಕು ತಡೆಯುವ ಕ್ರೋಮಿಯಂ ಶೇ. 15ರ ಹತ್ತಿರ. ರಾಕ್‌ವೆಲ್ ಅಳತೆಯಲ್ಲಿ ಗಡಸುತನ 56ರಿಂದ 58. ಜಪಾನಿನಲ್ಲಿ ಹೆಚ್ಚು ಕಾಣುವ ವಿಜಿ-10 ಉಕ್ಕಿನಲ್ಲಿ ಇಂಗಾಲ ಶೇ. 1ರಷ್ಟು, ಗಡಸುತನ 60 ದಾಟುತ್ತದೆ. ಕ್ರೋಮಿಯಂ ಸೇರಿಸದ ಶಿರೊಗಾಮಿ ಉಕ್ಕು ಅದಕ್ಕೂ ಗಡಸು. ಅದರಷ್ಟು ನವಿರಾದ ಬಾಯಿಯನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಹುಣಸೆಹಣ್ಣು, ನಿಂಬೆ ತಾಕಿ ಒರೆಸದೆ ಬಿಟ್ಟರೆ ಮಾತ್ರ ಸಂಜೆಯೊಳಗೆ ತುಕ್ಕು. ಗಡಸಾದಷ್ಟು ಅಂಚು ತೆಳುವಾಗಿ ನಿಲ್ಲುತ್ತದೆ, ಬಹುಕಾಲ ನಿಲ್ಲುತ್ತದೆ, ತಿರುಚಿದರೆ ಚಕ್ಕೆ ಏಳುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಇದೇ. ಸೋಲಿಂಗೆನ್ನಿನದ್ದಾಗಿದ್ದರೆ ಬಾಯಿ ಮಡಚಿಕೊಳ್ಳುತ್ತಿತ್ತು, ಮಸೆದರೆ ಸರಿಹೋಗುತ್ತಿತ್ತು.

ಇಲ್ಲಿ 10,000ದಿಂದ 15,000 ಯೆನ್ನಿಗೆ ಮನೆಯಡುಗೆಗೆ ಬೇಕಾದ ಎಲ್ಲ ಗುಣಗಳೂ ಇರುವ ಚಾಕು ಸಿಗುತ್ತದೆ. ಅದಕ್ಕಿಂತ ಮೇಲೆ ಕೊಡುವ ಹಣ ಹೆಚ್ಚಾಗಿ ಕೈಕೆಲಸಕ್ಕೆ, ಹಿಡಿಯ ಮರಕ್ಕೆ, ಚೆಲುವಿಗೆ ಹೋಗುತ್ತದೆ. ಅಲಗಿನ ಮೇಲೆ ನೀರಿನ ಅಲೆಯಂತೆ ಕಾಣುವ ಡಮಾಸ್ಕಸ್ ವಿನ್ಯಾಸವನ್ನು ನೋಡಿ ಊರಿನಿಂದ ಬಂದವರೆಲ್ಲ ಮರುಳಾಗುತ್ತಾರೆ. ಆ ಪದರಗಳು ಹೊರಗಿನ ಹೊದಿಕೆ; ಕತ್ತರಿಸುವುದು ನಡುವಿನ ಒಂದೇ ಪದರ. ಹಳೆಯ ಕಾಲದ ನಿಜವಾದ ಡಮಾಸ್ಕಸ್ ಅಲಗುಗಳಿಗೆ ಮೂಸೆಯಲ್ಲಿ ಕರಗಿಸಿದ ದಕ್ಷಿಣ ಭಾರತದ ಉಕ್ಕು ಹೋಗುತ್ತಿತ್ತು. ಮೈಸೂರು ಸೀಮೆಯಲ್ಲೂ ಅಂಥ ಕುಲುಮೆಗಳಿದ್ದವು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಅಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ದಾಖಲಿಸಿದ್ದಾನೆ. ಉಕ್ಕನ್ನು ಅಷ್ಟು ಬಲ್ಲವರಾಗಿದ್ದ ನಾಡಿನ ಅಡುಗೆಮನೆಗಳಲ್ಲಿ ಇಂದು ಟೊಮೇಟೊ ಹೆಚ್ಚಲು ಹೋದರೆ ಸಿಪ್ಪೆ ಜಾರಿ ರಸ ಚಿಮ್ಮುತ್ತದೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಣವಿಲ್ಲವೆಂದು ಹೀಗಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಚಿಮಣಿ, ಮಾಡ್ಯುಲರ್ ಕಪಾಟು, ನಾಲ್ಕು ಜಾರಿನ ಮಿಕ್ಸಿ ಎಲ್ಲವೂ ಇವೆ. ಗೃಹಪ್ರವೇಶಕ್ಕೆ ಬಂದ ಚಾಕುಗಳ ಸೆಟ್ ಷೋಕೇಸಿನಲ್ಲಿದೆ. ಆಯುಧಪೂಜೆಯ ದಿನ ಕಾರು, ಸ್ಕೂಟರು, ಲ್ಯಾಪ್‌ಟಾಪ್‌ಗಳ ಜೊತೆಗೆ ಚಾಕುವಿಗೂ ಕುಂಕುಮ ಇಡುತ್ತೇವೆ. ಹಿಂದಿನ ದಿನ ಕಾರನ್ನು ತೊಳೆಯುತ್ತೇವೆ. ಚಾಕುವಿಗೆ ಸಾಣೆ ಹಿಡಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದರೆ ಅದು ಜಾರುತ್ತದೆ. ಅಮ್ಮನ ಎಡಗೈ ಹೆಬ್ಬೆರಳಿನ ಗಾಯದ ಗುರುತುಗಳೆಲ್ಲ ಮೊಂಡು ಚಾಕುವಿನವೇ.

ಒಸಾಕಾದಲ್ಲಿ ನಾನು ಮಧ್ಯಾಹ್ನ ಊಟ ಮಾಡುವ ಸಣ್ಣ ಹೋಟೆಲಿನ ಅಡುಗೆಯವರ ಚಾಕು ಎರಡು ಬೆರಳಿನಷ್ಟು ಅಗಲ ಉಳಿದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದಂತೆ. ರಾತ್ರಿ ಒಲೆ ಆರಿಸಿದ ಮೇಲೆ ಮಸೆದು ಮಸೆದು ಸವೆದಿದೆ. ಆ ಚಾಕುವಿನ ಬೆಲೆಯನ್ನು ಅದು ದುಡಿದ ವರ್ಷಗಳಿಗೆ ಹಂಚಿದರೆ ವರ್ಷವರ್ಷವೂ ಎಸೆಯುವ ನಮ್ಮ ಪ್ಲಾಸ್ಟಿಕ್ ಹಿಡಿಯ ಚಾಕುವೇ ದುಬಾರಿ ಬೀಳುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಚಾಕುವಿನ ಲೆಕ್ಕ ಎಂದರೆ ಇದು.

ಒಸಾಕಾದಲ್ಲಿ ಎಲ್ಲರೂ ಹೀಗಿದ್ದಾರೆ ಎಂದು ಹೇಳಲಾರೆ. ನನ್ನ ನೆರೆಮನೆಯಲ್ಲಿ ಸಾಣೆಕಲ್ಲಿಲ್ಲ. ಎಳೆದರೆ ಹರಿತವಾಗುತ್ತದೆ ಎನ್ನುವ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಅಂಗಡಿಗೆ ಚಾಕು ಒಪ್ಪಿಸಿದರೆ ಕೈಗೆ ಬರಲು ದಿನಗಳೇ ಹಿಡಿಯುತ್ತವೆ. ಊರಿನಲ್ಲಾದರೆ ನಮ್ಮ ಬೀದಿಗೆ ಸೈಕಲ್ ಚಕ್ರ ತಿರುಗಿಸುತ್ತಾ ಬರುವಾತ ನಿಂತ ನಿಲುವಿನಲ್ಲೇ ಮುಗಿಸಿಕೊಡುತ್ತಾನೆ. ಒಣ ಚಕ್ರದ ಬಿಸಿಗೆ ಅಂಚು ನೀಲಿಗಟ್ಟಿ ಹದ ಹೋಗುವ ಭಯವಿದೆ, ಆದರೂ ಮೊಂಡಾಗಿ ಉಳಿಯುವುದಕ್ಕಿಂತ ಅದು ಮೇಲು. ಬೆಳಗಿನ ತಿಂಡಿ, ಮಕ್ಕಳ ಡಬ್ಬಿ, ಕಚೇರಿಯ ಬಸ್ಸು ಇವುಗಳ ನಡುವೆ ಅಕ್ಕ ಕಲ್ಲು ನೆನೆಸಿಟ್ಟು ಕೂರಲಿ ಎಂದು ಕೇಳುವುದೂ ನ್ಯಾಯವಲ್ಲ. ಆ ಕೆಲಸ ಭಾವನದ್ದಾಗಬಹುದು.

ಇನ್ನು ಈಳಿಗೆಮಣೆ. ಕಾಯಿ ತುರಿಯುವುದು, ಹಲಸಿನ ತೊಳೆ ಬಿಡಿಸುವುದು, ಸುವರ್ಣಗೆಡ್ಡೆ ಹೋಳು ಮಾಡುವುದು ಇವುಗಳಲ್ಲಿ ಅದರ ಮುಂದೆ ಸಕಾಯ್‌ನ ಯಾವ ಚಾಕುವೂ ನಿಲ್ಲುವುದಿಲ್ಲ. ಅಲಗು ಅಲುಗುವುದಿಲ್ಲ, ಎರಡೂ ಕೈಗಳು ಖಾಲಿ ಇರುತ್ತವೆ, ಮೈಭಾರವೇ ಕೆಲಸ ಮಾಡುತ್ತದೆ. ನಮ್ಮ ತರಕಾರಿಗಳಿಗೆ ನಮ್ಮ ಕಮ್ಮಾರರು ಹದವಾದ ಸಾಧನವನ್ನೇ ಕೊಟ್ಟಿದ್ದಾರೆ. ಅದನ್ನು ಅಟ್ಟಕ್ಕೆ ಹಾಕಿ ಚಾಕು ಹಿಡಿದವರು ಚಾಕುವಿನ ನಿಯಮಗಳನ್ನೂ ಕಲಿಯಬೇಕಿತ್ತು. ನಿಂತು ಹೆಚ್ಚುವವರಿಗೆ ಈಳಿಗೆಮಣೆ ಒಗ್ಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಬಾಯಿ ಮುರಿಯದಿರುವುದೇ ಮುಖ್ಯವೆನ್ನುವವರು ಸೋಲಿಂಗೆನ್ನಿನದ್ದನ್ನೇ ಕೊಳ್ಳಲಿ, ಅದನ್ನೂ ಒಪ್ಪುತ್ತೇನೆ. ಗ್ರಾನೈಟಿನ ಮೇಲೆ ನೇರವಾಗಿ ಹೆಚ್ಚುವುದನ್ನು ಮಾತ್ರ ಒಪ್ಪಲಾರೆ. ಒಂದು ಮರದ ಹಲಗೆ ಕೊಳ್ಳಿ, ಇವತ್ತೇ.