ಮೂರನೇ ನಂಬರ್ ಮೈಕ್ರೋಸ್ಕೋಪ್

ಮೊನ್ನೆ ತೀರ್ಥಹಳ್ಳಿ ಕಡೆ ಒಂದು ಮದುವೆ. ನನ್ನ ಅಣ್ಣನ ಮಗಳು ಬೆಂಗಳೂರಲ್ಲಿ ನಕ್ಷತ್ರದ ವಿಷಯ ಓದುತ್ತಿದ್ದಾಳೆ ಅಂತ ಊಟದ ಪಂಕ್ತಿಯಲ್ಲಿ ಯಾರೋ ಮಾತು ತೆಗೆದರು. ನನ್ನ ಪಕ್ಕ ಕೂತಿದ್ದ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಲ್ಲ ಮಾರಾಯ್ರೆ, ನಮ್ಮ ಕುಂದಾದ್ರಿ ಮೇಲೆ ಒಂದು ದೊಡ್ಡ ಟೆಲಿಸ್ಕೋಪ್ ಯಾಕೆ ಹಾಕಬಾರದು? ಕೊಡಚಾದ್ರಿ ಆದ್ರೆ ಇನ್ನೂ ಎತ್ತರ" ಅಂದರು. ಸುತ್ತ ಇದ್ದವರೆಲ್ಲ ಹೌದು ಹೌದು ಅಂದರು. ಮಲೆನಾಡಿಗೆ ಯಾರೂ ಏನೂ ಕೊಡಲ್ಲ ಅನ್ನೋ ಮಾತು ಅಲ್ಲಿಂದ ರೈಲಿಗೆ ಹೋಗಿ, ಆಸ್ಪತ್ರೆಗೆ ಹೋಗಿ, ಕೊನೆಗೆ ಅಡಿಕೆ ರೇಟಿಗೆ ಬಂದು ನಿಂತಿತು.

ನಾನು ಬಾಯಿ ಬಿಡಲಿಲ್ಲ. ಪಂಕ್ತಿಯಲ್ಲಿ ವಾದಕ್ಕೆ ಕೂತರೆ ಪಾಯಸ ಮುಂದೆ ಹೋಗಿಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೊಡಚಾದ್ರಿ 1343 ಮೀಟರ್ ಎತ್ತರ ಇದೆ, ನಿಜ. ಆದರೆ ಮಳೆಗಾಲದಲ್ಲಿ ಅದರ ತುದಿಯಲ್ಲಿ ನಿಂತರೆ ಜೊತೆಗೆ ಬಂದವನ ಮುಖವೇ ಕಾಣಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅಂಥ ಕಡೆ ಟೆಲಿಸ್ಕೋಪಿನ ಕನ್ನಡಿ ಇಟ್ಟರೆ ಬೂಸ್ಟು ಹಿಡಿಯುತ್ತದೆ ಅಷ್ಟೆ. ಲಡಾಖ್‌ನ ಹಾನ್ಲೆಗೆ ಹೋಗಿ ಟೆಲಿಸ್ಕೋಪ್ ಹಾಕಿದ್ದು ಸುಮ್ನೆ ಅಲ್ಲ. 4500 ಮೀಟರ್ ಎತ್ತರ, ಒಣ ಗಾಳಿ, ವರ್ಷಕ್ಕೆ ಸುಮಾರು 250 ರಾತ್ರಿ ಕೆಲಸಕ್ಕೆ ಸಿಗುವ ಆಕಾಶ. ಅಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪ್‌ನ ಕನ್ನಡಿ 2 ಮೀಟರ್ ಅಗಲ. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆ ಹತ್ತಿರದ ಕ್ಯಾಂಪಸ್‌ನಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಯಂತ್ರ ಎಲ್ಲಿದೆ ಅನ್ನೋದಕ್ಕೂ ಕೆಲಸ ಯಾರು ಮಾಡುತ್ತಾರೆ ಅನ್ನೋದಕ್ಕೂ ಈಗ ಸಂಬಂಧವೇ ಉಳಿದಿಲ್ಲ.

ನಮ್ಮವರಿಗೆ ಆಕಾಶದ ಪರಿಚಯ ಇಲ್ಲ ಅಂತಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ನಮಗೆ ಬಾಯಿಪಾಠ. ಆದರೆ ಮಳೆಯಾಗಿ ಗೊತ್ತು, ನಕ್ಷತ್ರವಾಗಿ ಗೊತ್ತಿಲ್ಲ. ಆರಿದ್ರಾ ಮಳೆ ಹೊಡೆಯುವಾಗ ಆರಿದ್ರಾ ನಕ್ಷತ್ರ ನೋಡೋಣ ಅಂದರೆ, ಮೋಡ ಇಲ್ಲದಿದ್ದರೂ ಕಾಣಲ್ಲ. ಸೂರ್ಯ ಆ ದಿಕ್ಕಿನಲ್ಲೇ ಇರುವುದರಿಂದ ತಾನೇ ಆ ಮಳೆಗೆ ಆ ಹೆಸರು. ಡಿಸೆಂಬರ್ ರಾತ್ರಿ ಅಡಿಕೆ ಸುಲಿಯುವಾಗ ಒಮ್ಮೆ ಅಂಗಳಕ್ಕೆ ಬಂದು ಪೂರ್ವಕ್ಕೆ ನೋಡಿ. ಕೆಂಪಗೆ ಕಾಣುತ್ತದೆ.

ಇರಲಿ. ನಾನು ಹೇಳಬೇಕಾಗಿದ್ದು ಬೇರೆ.

ಕಳೆದ ಜುಲೈನಲ್ಲಿ ಹುಡುಗಿ ಊರಿಗೆ ಬಂದಿದ್ದಳು. ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಹೊರಗೆ ಜಡಿಮಳೆ. ಕರೆಂಟು ಬಂದಾಗ ಚಾರ್ಜು, ಹೋದಾಗ ಕೆಲಸ. ಅವಳ ಗೈಡ್ ಕೊಟ್ಟ ಹಾನ್ಲೆಯ ಡೇಟಾ ಅದು. ಸಿಡಿದುಹೋದ ಒಂದು ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೆಗೆದದ್ದು. ನಾನು ಕಾಫಿ ಲೋಟ ಹಿಡಿದುಕೊಂಡು ಬಗ್ಗಿ ನೋಡಿದೆ. ಬೂದು ಬಣ್ಣದ ಪರದೆ, ಅಲ್ಲಲ್ಲಿ ಬಿಳಿ ಚುಕ್ಕೆ, ಒಂದೆರಡು ಕಡೆ ಚಕ್ಕುಲಿ ಥರ ಉಂಗುರ.

"ಯಾವುದೇ ನಿನ್ನ ನಕ್ಷತ್ರ?" ಅಂದೆ.

"ಇದರಲ್ಲಿ ನಕ್ಷತ್ರವೇ ಇಲ್ಲ ಚಿಕ್ಕಪ್ಪ. ಆ ಉಂಗುರ ಧೂಳು. ಚುಕ್ಕೆಗಳು ಬಾಹ್ಯಾಕಾಶದಿಂದ ಬಂದ ಕಣ ಬಡಿದದ್ದು. ಇದು ಬರೀ ಕ್ಯಾಮೆರಾ."

ಬೆಳಗಿನಿಂದ ಸಂಜೆವರೆಗೆ ಈ ಹುಡುಗಿ ಮಾಡಿದ್ದು ಇಷ್ಟೇ. ಕ್ಯಾಮೆರಾದ ತಪ್ಪುಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಕಳೆಯುವುದು. ಬಾಗಿಲು ಮುಚ್ಚಿ, ಸೊನ್ನೆ ಸೆಕೆಂಡಿನ ಫೋಟೋ ತೆಗೆದಿರುತ್ತಾರೆ. ಬೆಳಕೇ ಬೀಳದಿದ್ದರೂ ಕ್ಯಾಮೆರಾ ಏನೋ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ಬಯಾಸ್ ಅನ್ನುತ್ತಾರಂತೆ. ನನಗೆ ತಕ್ಷಣ ಅರ್ಥವಾಯಿತು. ಮಂಡಿಯಲ್ಲಿ ಅಡಿಕೆ ತೂಗಿದ ಮೇಲೆ ಚೀಲದ ತೂಕ ಕಳೆಯುತ್ತಾರಲ್ಲ, ಅದೇ. ಆಮೇಲೆ ಫ್ಲಾಟ್. ಎಲ್ಲ ಕಡೆ ಒಂದೇ ಸಮ ಬೆಳಕು ಬೀಳುವ ಹಾಗೆ ಮಾಡಿ ತೆಗೆದ ಚಿತ್ರ. ಕ್ಯಾಮೆರಾದ ಲಕ್ಷಗಟ್ಟಲೆ ಪಿಕ್ಸೆಲ್‌ಗಳು ಸಾಲಾಗಿ ಇಟ್ಟ ಪಾವುಗಳಿದ್ದ ಹಾಗೆ. ನೋಡಲು ಒಂದೇ ಥರ, ಅಳತೆ ಮಾತ್ರ ಒಂದರದ್ದು ಚೂರು ಜಾಸ್ತಿ, ಇನ್ನೊಂದರದ್ದು ಚೂರು ಕಮ್ಮಿ. ಯಾವುದು ಎಷ್ಟು ಕಳ್ಳ ಅಂತ ಮೊದಲೇ ಗೊತ್ತು ಮಾಡಿಕೊಳ್ಳದೆ ಅಕ್ಕಿ ಅಳೆಯಲು ಕೂತರೆ ಲೆಕ್ಕ ಸರಿಹೋಗುತ್ತದಾ?

ಕೊನೆಗೆ ದೀಪ. ಬಣ್ಣದ ಪಟ್ಟಿಯಲ್ಲಿ ಯಾವ ಜಾಗ ಯಾವ ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದ ಎಷ್ಟು ಅಂತ ತಿಳಿಯಲು ಕಬ್ಬಿಣ-ಆರ್ಗಾನ್ ದೀಪ ಹಚ್ಚಿ, ಅದರ ಗೆರೆಗಳನ್ನು ಗುರುತು ಮಾಡಿಕೊಳ್ಳುತ್ತಾರೆ. ಆ ಗೆರೆಗಳು ಎಲ್ಲಿ ಬರಬೇಕು ಅನ್ನೋದು ಮೊದಲೇ ಗೊತ್ತಿರುವ ವಿಷಯ. ಯಂತ್ರ ಎಷ್ಟು ಜಾರಿದೆ ಅನ್ನೋದು ಅಲ್ಲಿ ಸಿಕ್ಕಿಬೀಳುತ್ತದೆ.

ದೀಪದ ಮಾತು ಬಂದಾಗ ನನಗೆ ಕಾಲೇಜು ನೆನಪಾಯಿತು. ಹೊಟ್ಟೆ ಉರಿಯಿತು ಅಂತಲೂ ಹೇಳಬಹುದು.

ನಾನು ಬಿಎಸ್ಸಿ ಮಾಡಿದ್ದು ಶಿವಮೊಗ್ಗದಲ್ಲಿ. ಕಾಲೇಜಿನ ಹೆಸರು ಬೇಡ, ಆಗ ಎಲ್ಲ ಕಡೆ ಅದೇ ಕತೆ. ನ್ಯೂಟನ್ಸ್ ರಿಂಗ್ಸ್ ಪ್ರಯೋಗ. ಸೋಡಿಯಂ ದೀಪದ ಹಳದಿ ಬೆಳಕಲ್ಲಿ ಕಾಣುವ ಉಂಗುರಗಳ ಅಗಲವನ್ನು ಮೈಕ್ರೋಸ್ಕೋಪಿನ ಸ್ಕ್ರೂ ತಿರುಗಿಸಿ ಅಳೆದು, ಆ ಬೆಳಕಿನ ತರಂಗಾಂತರ ಕಂಡುಹಿಡಿಯಬೇಕು. ಉತ್ತರ 5893 ಆಂಗ್‌ಸ್ಟ್ರಾಂ (ಬೆಳಕಿನ ಅಲೆ ಅಳೆಯುವ ಪುಟ್ಟ ಮಾನ) ಬರಬೇಕು ಅಂತ ಲ್ಯಾಬಿನ ಗೋಡೆಗೂ ಗೊತ್ತಿತ್ತು. ನನಗೆ ಬಂದಿದ್ದು 6200 ಚಿಲ್ಲರೆ. ಪಕ್ಕದವನಿಗೆ 5400. ಸರ್ ಬಂದು ಒಂದು ಗೆರೆ ಎಳೆದು, "ಸರಿ ಮಾಡಿ ಬರ್ಕೊಂಡು ಬಾ" ಅಂದರು. ನಾವು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸಿದೆವು. ಅರವತ್ತು ಜನರ ರೆಕಾರ್ಡ್ ಪುಸ್ತಕದಲ್ಲಿ 5893ರ ಆಸುಪಾಸು. ಎಲ್ಲರಿಗೂ ಹತ್ತಕ್ಕೆ ಎಂಟು, ಒಂಬತ್ತು.

ತಮಾಷೆ ಏನು ಅಂದರೆ, 5893 ಅನ್ನೋ ಗೆರೆ ಸೋಡಿಯಂನಲ್ಲಿ ಇಲ್ಲವೇ ಇಲ್ಲ. ಇರುವುದು ಎರಡು ಗೆರೆ, 5890 ಮತ್ತು 5896. ನಾವು ಕಾಪಿ ಹೊಡೆದದ್ದು ಅವೆರಡರ ಸರಾಸರಿ.

ಸರ್ ಕೆಟ್ಟವರು ಅನ್ನಲಾರೆ. ಅರವತ್ತು ಹುಡುಗರು, ನಾಲ್ಕು ಮೈಕ್ರೋಸ್ಕೋಪು, ತಿಂಗಳಲ್ಲಿ ಪರೀಕ್ಷೆ. ಆದರೆ ನನಗೆ 6200 ಯಾಕೆ ಬಂತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಇಡೀ ಪ್ರಯೋಗದಲ್ಲಿ ಗೊತ್ತಿಲ್ಲದ ವಿಷಯ ಅದೊಂದೇ ಇತ್ತು. ಅದನ್ನೇ ರಬ್ಬರ್ ಹಾಕಿ ಅಳಿಸಿದೆವು. ಈಗ ಆ ಮಗು ಜಗುಲಿಯಲ್ಲಿ ಕೂತು ದಿನವಿಡೀ ಮಾಡುವ ಕೆಲಸ ಅಳಿಸಿಹೋದ ಆ ಕೆಲಸವೇ. ಮೂರು ವರ್ಷ ಡಿಗ್ರಿಯಲ್ಲಿ ಅದನ್ನು ಮುಚ್ಚಿಡಲು ಕಲಿಸಿ, ಸಂಶೋಧನೆಗೆ ಬಂದ ಮೇಲೆ ಬಿಚ್ಚಿಡು ಅಂದರೆ ಹೇಗೆ?

ತಪ್ಪನ್ನು ಅಳಿಸದೆ ಬೆನ್ನು ಹತ್ತಿದರೆ ಏನು ಸಿಗುತ್ತದೆ ಅನ್ನೋದಕ್ಕೆ ಒಂದು ಕತೆ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್ ಅನ್ನೋ ಊರಿನ ಹತ್ತಿರ 64 ಮೀಟರ್ ಅಗಲದ ರೇಡಿಯೋ ಟೆಲಿಸ್ಕೋಪ್ ಇದೆ. 1998ರಿಂದ ಅದರಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ಸದ್ದು (ಕಿವಿಗೆ ಕೇಳುವಂಥದ್ದಲ್ಲ, ರೇಡಿಯೋ ತರಂಗದ್ದು) ದಾಖಲಾಗುತ್ತಿತ್ತು. ಕ್ಷಣದಲ್ಲಿ ಬಂದು ಹೋಗುವಂಥದ್ದು. ಪೆರಿಟಾನ್ ಅಂತ ಹೆಸರೂ ಇಟ್ಟರು. ಅಷ್ಟರಲ್ಲಿ 2007ರಲ್ಲಿ ಅದೇ ಟೆಲಿಸ್ಕೋಪಿನ ಹಳೇ ಡೇಟಾದಲ್ಲಿ, ನಮ್ಮ ಗ್ಯಾಲಕ್ಸಿಯ ಆಚೆಯಿಂದ ಬಂದ ಹಾಗಿರುವ ಒಂದು ಮಿಂಚು ಸಿಕ್ಕಿದೆ ಅಂತ ಪ್ರಕಟವಾಗಿತ್ತು. ಪೆರಿಟಾನ್ ನೋಡಿದವರು, ಅದೂ ಇಂಥದ್ದೇ ಏನೋ ಗಲಾಟೆ ಇರಬೇಕು ಅಂತ ಅನುಮಾನಪಟ್ಟರು.

ಪೆರಿಟಾನ್‌ಗಳು ಜಾಸ್ತಿ ಬರುತ್ತಿದ್ದುದು ಹಗಲು ಹೊತ್ತಲ್ಲಿ, ಜನ ಕೆಲಸದಲ್ಲಿರುವಾಗ. ಆಕಾಶಕ್ಕೆ ಆಫೀಸ್ ಟೈಮ್ ಇರುತ್ತದಾ? ಸುತ್ತಲಿನ ರೇಡಿಯೋ ಗಲಾಟೆ ಹಿಡಿಯುವ ಬೇರೊಂದು ಉಪಕರಣ ಹಾಕಿ ನೋಡಿದರು. 2015ರಲ್ಲಿ ಕಳ್ಳ ಸಿಕ್ಕಿದ. ಆವರಣದೊಳಗಿನ ಮೈಕ್ರೋವೇವ್ ಓವನ್! ಟೈಮ್ ಮುಗಿಯುವವರೆಗೆ ಕಾಯದೆ ಯಾರೋ ಬಾಗಿಲು ಎಳೆದಾಗ, ಒಳಗಿನ ಯಂತ್ರ ಆರುವ ಗಳಿಗೆಯಲ್ಲಿ ಒಂದು ಸದ್ದು ಹೊರಗೆ ಜಾರುತ್ತಿತ್ತು. ಟೆಲಿಸ್ಕೋಪ್ ಅದೇ ದಿಕ್ಕಿಗೆ ಮುಖ ಮಾಡಿದ್ದರೆ ಹಿಡಿದುಕೊಳ್ಳುತ್ತಿತ್ತು.

ಜನ ಇದನ್ನು ಹೇಳಿ ನಗುತ್ತಾರೆ. ವಿಜ್ಞಾನಿಗಳು ಊಟದ ಡಬ್ಬಿ ಬಿಸಿ ಮಾಡಿದ್ದನ್ನು ಆಕಾಶ ಅಂದುಕೊಂಡರು ಅಂತ. ನನಗೆ ಮಾತ್ರ ಅವರ ಮೇಲೆ ಗೌರವ ಜಾಸ್ತಿಯಾಯಿತು. ನಮ್ಮ ಅಡುಗೆಮನೆಯದ್ದೇ ತಪ್ಪು ಅಂತ ಹೆಸರು ಹಾಕಿ ಪ್ರಕಟಿಸಿದರಲ್ಲ. ಓವನ್ನಿನ ಸದ್ದು ಹೇಗಿರುತ್ತದೆ ಅಂತ ಖಚಿತವಾಗಿ ಗೊತ್ತಾದದ್ದರಿಂದಲೇ, 2007ರಲ್ಲಿ ಸಿಕ್ಕಿದ್ದು ಓವನ್ನಿನದ್ದಲ್ಲ ಅಂತ ಗಟ್ಟಿಯಾಗಿ ಹೇಳಲು ಆಯಿತು. ಫಾಸ್ಟ್ ರೇಡಿಯೋ ಬರ್ಸ್ಟ್ ಅಂತ ಇವತ್ತು ಜಗತ್ತೆಲ್ಲ ಬೆನ್ನು ಹತ್ತಿರುವುದು ಅದನ್ನೇ.

ಜೋಸೆಲಿನ್ ಬೆಲ್ ಕತೆಯೂ ಹೀಗೇ. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಹುಡುಗಿ. ಗದ್ದೆಯಂಥ ಜಾಗದಲ್ಲಿ ಗೂಟ ಹೊಡೆದು, ತಂತಿ ಕಟ್ಟಿ ಟೆಲಿಸ್ಕೋಪ್ ಮಾಡಿದವರಲ್ಲಿ ಅವರೂ ಒಬ್ಬರು. ದಿನಕ್ಕೆ ಸುಮಾರು 30 ಮೀಟರ್ ಕಾಗದ ಬರುತ್ತಿತ್ತು. ಅಷ್ಟನ್ನೂ ಕಣ್ಣಲ್ಲೇ ನೋಡಬೇಕು. ಅದರಲ್ಲಿ ಒಂದು ಚೂರು ಗೀಚಿದ ಹಾಗೆ ಕಂಡಿತು. ಸುತ್ತಲಿನ ಗಲಾಟೆ ಕಾಗದದ ಮೇಲೆ ಹೇಗೆ ಬೀಳುತ್ತದೆ ಅಂತ ಅವರಿಗೆ ಕೈಯ ಗೆರೆಯಷ್ಟು ಪರಿಚಯ. ಇದು ಅದಲ್ಲ ಅನ್ನಿಸಿತು. 1.33 ಸೆಕೆಂಡಿಗೊಮ್ಮೆ ರೇಡಿಯೋ ತರಂಗ ಮಿಡಿಯುವ ನಕ್ಷತ್ರ, ಅಂದರೆ ಪಲ್ಸಾರ್, ಸಿಕ್ಕಿದ್ದು ಹಾಗೆ. 1974ರಲ್ಲಿ ನೊಬೆಲ್ ಬಂದದ್ದು ಅವರ ಗೈಡ್‌ಗೆ. ಆ ವಿಷಯಕ್ಕೆ ಹೋದರೆ ಬರಹ ಬೇರೆ ದಾರಿ ಹಿಡಿಯುತ್ತದೆ, ಬಿಡಿ.

ದೂರ ಯಾಕೆ, ನಮ್ಮ ಮನೆಯಲ್ಲೇ ಒಬ್ಬರಿದ್ದರು. ನನ್ನ ಅಪ್ಪ. ಓದಿದ್ದು ಏಳನೇ ಕ್ಲಾಸು. ಮಲೆನಾಡಿನ ಎಷ್ಟೋ ತೋಟದ ಮನೆಗಳ ಹಾಗೆ ನಮ್ಮ ಅಂಗಳದ ಅಂಚಿನಲ್ಲೂ ಮಳೆ ಅಳೆಯುವ ಡಬ್ಬ ಇತ್ತು. ಬೆಳಿಗ್ಗೆ ಎಂಟೂವರೆಗೆ ನೀರನ್ನು ಗೆರೆಯ ಗ್ಲಾಸಿಗೆ ಬಗ್ಗಿಸಿ, ಇಂಚಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಊರವರು "ನಿನ್ನೆ ಎಷ್ಟು ಹೊಡೀತು?" ಅಂತ ಕೇಳಿಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಬೇಕಾಗಿದ್ದು ಆ ಒಂದು ಸಂಖ್ಯೆ. ಪಕ್ಕದ ಕಾಲಂ ಯಾರೂ ನೋಡುತ್ತಿರಲಿಲ್ಲ.

ಆ ಜುಲೈನಲ್ಲಿ ಹುಡುಗಿ ಅಟ್ಟದಿಂದ ಆ ಪುಸ್ತಕ ಇಳಿಸಿದಳು. ಪಕ್ಕದ ಕಾಲಂ ಓದುತ್ತಾ ಹೋದಳು. "ರಾತ್ರಿ ಡಬ್ಬ ತುಂಬಿ ಚೆಲ್ಲಿದೆ. ಎಷ್ಟು ಚೆಲ್ಲಿದೆ ತಿಳಿಯದು." "ಮದುವೆಗೆ ಹೋದದ್ದು. ಎರಡು ದಿನದ್ದು ಒಟ್ಟಿಗೆ." "ಇವತ್ತು ಇವಳು ಅಳೆದದ್ದು." ಇವಳು ಅಂದರೆ ನಮ್ಮ ಅಮ್ಮ. ಒಂದು ಕಡೆ ಹೀಗಿತ್ತು: "ಹಲಸಿನ ಮರದ ರೆಂಬೆ ಕಡಿಸಿದೆ. ಇನ್ನು ಮುಂದೆ ಲೆಕ್ಕ ಜಾಸ್ತಿ ಬರಬಹುದು. ಮಳೆ ಜಾಸ್ತಿ ಅಂತ ತಿಳಿಯಬಾರದು."

ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಡಬ್ಬ ಇಡಬೇಕು ಅಂತ ನಿಯಮ ಇದೆ. ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ವರ್ಷಾನುಗಟ್ಟಲೆ ಬೆಳೆದ ಹಲಸು ತನ್ನ ಲೆಕ್ಕ ಕದಿಯುತ್ತಿದೆ ಅಂತ ತಾವೇ ಪತ್ತೆ ಮಾಡಿದ್ದರು.

"ಅಜ್ಜ ಬರೆದದ್ದು ಲಾಗ್ ಬುಕ್ ಚಿಕ್ಕಪ್ಪ" ಅಂದಳು. ಪ್ರತಿ ರಾತ್ರಿ ವೀಕ್ಷಣಾಲಯದಲ್ಲೂ ಇದನ್ನೇ ಬರೆಯುತ್ತಾರಂತೆ. ಎಷ್ಟು ಹೊತ್ತಿಗೆ ಮೋಡ ಬಂತು, ಗಾಳಿ ಎಷ್ಟಿತ್ತು, ಯಾವಾಗ ಯಂತ್ರ ನಿಂತಿತು. ಕೊಡೈಕೆನಾಲ್‌ನಲ್ಲಿ ನೂರು ವರ್ಷಕ್ಕೂ ಮೇಲೆ ಸೂರ್ಯನ ಚಿತ್ರ ತೆಗೆದಿದ್ದಾರೆ. ಹಳೇ ಗಾಜಿನ ಪ್ಲೇಟುಗಳನ್ನೆಲ್ಲ ಡಿಜಿಟಲ್ ಮಾಡಿದ್ದಾರೆ. ನೂರು ವರ್ಷದಲ್ಲಿ ಸೂರ್ಯ ಬದಲಾದನೋ, ಪ್ಲೇಟು ಬದಲಾಯಿತೋ ಅಂತ ಬಿಡಿಸಿ ನೋಡಬೇಕಾದರೆ ಪಕ್ಕದ ಕಾಲಂ ಬೇಕೇ ಬೇಕು.

ಆಮೇಲೆ ಅವಳು ಹಾನ್ಲೆಯ ಡೇಟಾ ಬಳಸಿದ ಒಂದೆರಡು ಪ್ರಬಂಧ ತೋರಿಸಿದಳು. ಕೊನೆಯಲ್ಲಿ ಒಂದು ಸಾಲು. ಹಾನ್ಲೆ ಮತ್ತು ಹೊಸಕೋಟೆಯ ಸಿಬ್ಬಂದಿಗೆ ಧನ್ಯವಾದ ಅಂತ. "ಸಿಬ್ಬಂದಿ ಅಂದ್ರೆ ಯಾರ್ಯಾರು?" ಅಂದೆ. ಅವಳಿಗೆ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ಜಾಗದಲ್ಲಿ ಯಂತ್ರ ನೋಡಿಕೊಳ್ಳುವವರು ಒಂದೇ ಶಬ್ದದಲ್ಲಿ ಮುಗಿದುಹೋಗಿದ್ದರು. ಇದು ನನಗೆ ಸರಿ ಕಾಣಲ್ಲ. ಧನ್ಯವಾದ ಹೇಳುವವರು ಹೆಸರನ್ನೂ ಹೇಳಲಿ.

ಹಾಗಾಗಿ ಮಲೆನಾಡಿಗೆ ಟೆಲಿಸ್ಕೋಪ್ ಕೊಡಿ ಅಂತ ನಾನು ಕೇಳಲ್ಲ. ಕುಂದಾದ್ರಿಯನ್ನು ಬಸದಿಗೂ ಮೋಡಕ್ಕೂ ಬಿಟ್ಟುಬಿಡಿ. ನನ್ನ ಬೇಡಿಕೆ ಚಿಕ್ಕದು. ನಮ್ಮ ಕಾಲೇಜುಗಳ ರೆಕಾರ್ಡ್ ಪುಸ್ತಕದಲ್ಲಿ ಪ್ರತಿ ಪ್ರಯೋಗಕ್ಕೂ ಒಂದು ಪುಟ ಖಾಲಿ ಬಿಡಿ. ಉತ್ತರ ಎಷ್ಟು ತಪ್ಪು ಬಂತು, ಯಂತ್ರದ ಯಾವ ಸ್ಕ್ರೂ ಸಡಿಲ ಇತ್ತು ಅಂತ ಹುಡುಗರು ಅಲ್ಲಿ ಬರೆಯಲಿ. ಹತ್ತರಲ್ಲಿ ಐದು ಅಂಕ ಆ ಪುಟಕ್ಕೆ ಕೊಡಿ. 5893 ಬರೆದವನಿಗೆ ಒಂದು ಸಾಕು, ಅದು ಅಂಗಡಿಯ ಗೈಡ್ ಪುಸ್ತಕದಲ್ಲಿ ಸಿಗುತ್ತದೆ. ಇದಕ್ಕೆ ಕೋಟಿ ರೂಪಾಯಿ ಬೇಡ, ಶಂಕುಸ್ಥಾಪನೆಯೂ ಬೇಡ. ಬಹುಶಃ ಅದಕ್ಕೇ ಯಾರೂ ಮಾಡಲ್ಲ.

ಹೋದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಗೋಪಿ ಸರ್ಕಲ್ ಹತ್ತಿರ ನಮ್ಮ ಆಗಿನ ಲ್ಯಾಬ್ ಅಟೆಂಡರ್ ಸಿಕ್ಕಿದರು. ರಿಟೈರ್ ಆಗಿ ಎಷ್ಟೋ ವರ್ಷವಾಗಿದೆ. ಪರೀಕ್ಷೆ ದಿನ ನಾವು ಅವರ ಹಿಂದೆ ಸುತ್ತುತ್ತಿದ್ದೆವು, ಒಳ್ಳೇ ಮೈಕ್ರೋಸ್ಕೋಪ್ ಯಾವುದು ಹೇಳಿ ಅಣ್ಣ ಅಂತ. ನನ್ನ ಗುರುತು ಸಿಗಲಿಲ್ಲ. 6200 ಬಂದ ಕತೆ ಹೇಳಿದೆ.

"ಮೂರನೇ ನಂಬರಲ್ಲಿ ಮಾಡಿದ್ರಾ?" ಅಂದರು.

ಹೌದು ಅಂದೆ.

"ಅದರ ಸ್ಕ್ರೂ ಸವೆದಿತ್ತು ಮಾರಾಯ್ರೆ. ದಿಕ್ಕು ಬದಲಾಯಿಸಿದ್ರೆ ಕಾಲು ಸುತ್ತು ಸುಮ್ನೆ ತಿರುಗ್ತಿತ್ತು, ಮೈಕ್ರೋಸ್ಕೋಪ್ ಅಲ್ಲೇ ಇರ್ತಿತ್ತು. ಒಂದೇ ಕಡೆ ತಿರುಗಿಸ್ಕೊಂಡು ಹೋಗಿದ್ರೆ ಸರಿ ಬರ್ತಿತ್ತು. ನಾಲ್ಕನೇದರ ದೀಪ ವಾಲಿತ್ತು. ಒಂದನೇದು ಚಿನ್ನ."

"ಇದನ್ನೆಲ್ಲ ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಯಾರು ಕೇಳಿದ್ರು?" ಅಂದರು. ಅಷ್ಟರಲ್ಲಿ ಭದ್ರಾವತಿ ಬಸ್ ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿದರು.