ಶೂಲಕ್ಕೇರಿದ ಸೌತೆಕಾಯಿ

ಬೆಂಗಳೂರಿನ ಆರತಕ್ಷತೆಗಳಲ್ಲಿ ಬಾಗಿಲಲ್ಲಿ ಸ್ವಾಗತಿಸುತ್ತಿದ್ದುದು ಪನ್ನೀರು. ಈಗ ಪನೀರು. ಅದೂ ಕಡ್ಡಿಗೆ ಚುಚ್ಚಿದ್ದು. ಅದರ ಹಿಂದೊಂದು ಸೌತೆಕಾಯಿ, ಮುಂದೊಂದು ಸೌತೆಕಾಯಿ, ಪಕ್ಕದಲ್ಲಿ ಉಸಿರುಗಟ್ಟಿದ ದೊಣ್ಣೆ ಮೆಣಸಿನಕಾಯಿ, ತುದಿಯಲ್ಲಿ ಚೆರ್ರಿ ಟೊಮೆಟೊ. ಕಪ್ಪು ಕೈಗವಸಿನ ಹುಡುಗ ತಟ್ಟೆ ಚಾಚಿ "ಸಲಾಡ್ ಸ್ಕ್ಯೂವರ್, ಸರ್" ಎನ್ನುತ್ತಾನೆ. ಕೋಸಂಬರಿ ಎಂದಿದ್ದರೆ ಯಾರು ತಾನೇ ಫೋಟೊ ತೆಗೆಯುತ್ತಿದ್ದರು?

ಮೆನುವಿನಲ್ಲಿ ಇದಕ್ಕೆ 'ಈಸಿ ಸ್ಟಾರ್ಟರ್' ಎಂದು ಹೆಸರು. ಯಾರಿಗೆ ಈಸಿ ಎಂದು ಲೆಕ್ಕ ಹಾಕೋಣ. 500 ಜನಕ್ಕೆ ಕೋಸಂಬರಿ ಬೇಕೆಂದರೆ 5 ಕೆ.ಜಿ. ಹೆಸರುಬೇಳೆ ನೆನೆಹಾಕಿ, 10 ಕೆ.ಜಿ. ಸೌತೆಕಾಯಿ ಕೊಚ್ಚಿ, ಕಾಯಿ ತುರಿದು, ಸಾಸಿವೆ ಇಂಗಿನ ಒಗ್ಗರಣೆ ಸುರಿದರೆ ಆಯಿತು. ಭಟ್ಟರು ಎಲೆ ಅಡಿಕೆ ಹಾಕಿಕೊಂಡು ಕೂರಬಹುದು. ಅದೇ 500 ಜನಕ್ಕೆ ತಲಾ 3 ಕಡ್ಡಿ ಎಂದರೆ 1500 ಕಡ್ಡಿ. ಒಂದಕ್ಕೆ 5 ತುಂಡಿನಂತೆ 7500 ಸಲ ಚುಚ್ಚಬೇಕು. ಪಳಗಿದ ಕೈಗೂ ಒಂದು ಕಡ್ಡಿಗೆ ಅರ್ಧ ನಿಮಿಷ ಬೇಕು. ಒಬ್ಬರೇ ಕೂತರೆ ಹನ್ನೆರಡೂವರೆ ಗಂಟೆ, ನಾಲ್ವರು ಕೂತರೆ ಮೂರು ಗಂಟೆಗೂ ಮೇಲೆ, ಹೆಚ್ಚುವ ಹೊತ್ತು ಬೇರೆ. ಕಡ್ಡಿಯನ್ನು ಗುಡ್ಡ ಮಾಡಬೇಡಿ ಎಂದು ಹಿರಿಯರು ಬೈಯುತ್ತಿದ್ದರು. ಕೇಟರಿಂಗ್‌ನವರು ಅದನ್ನೇ ರೇಟ್ ಕಾರ್ಡ್ ಮಾಡಿಕೊಂಡಿದ್ದಾರೆ.

ಇರಲಿ. ಕಾಲ ಕೇಳಿದ್ದನ್ನು ಕೊಡಲೇಬೇಕು. ಚುಚ್ಚುವುದೇ ಆದರೆ ನೆಟ್ಟಗೆ ಚುಚ್ಚಿ.

ನಿಂತು ತಿನ್ನುವವರಿಗೆ 10ರಿಂದ 12 ಸೆಂ.ಮೀ. ಬಿದಿರು ಕಡ್ಡಿ ಸಾಕು. ಅದಕ್ಕಿಂತ ಉದ್ದದ್ದು ಕೆಂಡದ ಮೇಲೆ ಸುಡುವವರಿಗೆ. ಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕುವ ಶಾಸ್ತ್ರವೂ ಅವರದೇ, ಬೆಂಕಿಗೆ ಕಡ್ಡಿ ಹತ್ತಿಕೊಳ್ಳದಿರಲೆಂದು. ತಣ್ಣನೆಯ ಸೌತೆಕಾಯಿಗೆ ಯಾವ ಬೆಂಕಿಯ ಭಯ? ಆದರೂ ವಿಡಿಯೊ ನೋಡಿದವರೆಲ್ಲ ಬಕೆಟ್ಟಿನಲ್ಲಿ ಕಡ್ಡಿ ನೆನೆಹಾಕಿ, ಅದು ಮೆತ್ತಗಾಗಿ ಬಾಗಿದ ಮೇಲೆ ಬಿದಿರಿನ ಗುಣಮಟ್ಟವನ್ನು ಶಪಿಸುತ್ತಾರೆ.

ತುಂಡುಗಳೆಲ್ಲ 2 ಸೆಂ.ಮೀ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ನಡುವಿನ ಬೀಜವನ್ನು ಚಮಚದಲ್ಲಿ ಕೆರೆದು ತೆಗೆಯಿರಿ. ನೀರೆಲ್ಲ ಅಡಗಿರುವುದು ಅಲ್ಲೇ. ಸಿಪ್ಪೆಯ ಕಡೆಯಿಂದ ಗಟ್ಟಿ ತಿರುಳಿಗೆ ಚುಚ್ಚಿ. ಮೆತ್ತನೆಯ ನಡುಭಾಗಕ್ಕೆ ಚುಚ್ಚಿದರೆ ತುಂಡು ಗಿರಗಟ್ಟೆಯ ಹಾಗೆ ತಿರುಗುತ್ತದೆ. ಪನೀರನ್ನು ಫ್ರಿಜ್‌ನಲ್ಲಿ ಗಟ್ಟಿಯಾದ ಮೇಲೆಯೇ ಕತ್ತರಿಸಿ, ಎರಡು ಸೌತೆಕಾಯಿಗಳ ನಡುವೆ ಕೂರಿಸಬೇಕು. ಅಂಚಿಗೆ ಹಾಕಿದರೆ ಬಾಯಿಗೆ ಹೋಗುವ ಮೊದಲೇ ಸೀಳಿ ಕಾರ್ಪೆಟ್ ಸೇರುತ್ತದೆ. ಟೊಮೆಟೊಗೆ ತೊಟ್ಟು ಕಿತ್ತ ಜಾಗದಿಂದ ಕಡ್ಡಿಯನ್ನು ತಿರುಗಿಸುತ್ತ ಇಳಿಸಿ. ಪಕ್ಕಕ್ಕೆ ಇರಿದರೆ ಸಿಪ್ಪೆ ಬಿರಿದು ರಸ ಹಾರುತ್ತದೆ, ಎದುರಿಗೆ ನಿಂತ ಅತ್ತೆಯವರ ಮೈಸೂರು ರೇಷ್ಮೆಯ ಮೇಲೆಯೇ. ಹಸಿ ಕ್ಯಾರೆಟ್ಟಿಗೆ ಬಲ ಪ್ರಯೋಗಿಸಬೇಡಿ, ಕಡ್ಡಿ ಮುರಿಯುತ್ತದೆ, ಅರ್ಧ ಸೆಂ.ಮೀ. ಬಿಲ್ಲೆ ಮಾಡಿ ಕುದಿಯುವ ಉಪ್ಪುನೀರಲ್ಲಿ 2 ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಬೀಟ್‌ರೂಟಿಗೆ ಪ್ರವೇಶವಿಲ್ಲ. ಅರ್ಧ ಗಂಟೆಯಲ್ಲಿ ಪನೀರಿಗೆ ಓಕುಳಿಯಾಡಿರುತ್ತದೆ.

ಇನ್ನು ಉಪ್ಪು. ಹತ್ತರಲ್ಲಿ ಒಂಬತ್ತು ಕಡೆ ಕೆಡುವುದು ಇಲ್ಲೇ. ಸಂಜೆ ಏಳರ ಕಾರ್ಯಕ್ರಮಕ್ಕೆ ನಾಲ್ಕಕ್ಕೇ ಉಪ್ಪು, ಚಾಟ್ ಮಸಾಲೆ ಉದುರಿಸಿಟ್ಟರೆ ತರಕಾರಿಯ ನೀರನ್ನೆಲ್ಲ ಉಪ್ಪು ಎಳೆದು ಹಾಕುತ್ತದೆ. ತಟ್ಟೆಯಲ್ಲಿ ಕೆರೆ, ಕಡ್ಡಿಯಲ್ಲಿ ಬಾಡಿದ ಚರ್ಮ. 50 ಕಡ್ಡಿಗೆ 4 ದೊಡ್ಡ ಚಮಚ ಎಣ್ಣೆ, 2 ನಿಂಬೆಹಣ್ಣಿನ ರಸ, 1 ಚಹಾ ಚಮಚ ಉಪ್ಪು, ಅರ್ಧ ಚಮಚ ಮೆಣಸಿನಪುಡಿ (ಕರಿಮೆಣಸಿನದು, ಬ್ಯಾಡಗಿಯದಲ್ಲ) ಬಾಟಲಿಗೆ ಹಾಕಿ ಕುಲುಕಿ. ತಟ್ಟೆ ಅಡುಗೆಮನೆಯ ಹೊಸ್ತಿಲು ದಾಟುವಾಗ ಸವರಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡಿ. ಹೊರಗೆ ಬಂದ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ವಧೂವರರು ಬ್ಯೂಟಿ ಪಾರ್ಲರಿನಿಂದ ಹೊರಡುವುದೇ ಎರಡು ಗಂಟೆ ತಡವಾಗಿ ಎಂಬುದು ಮಾತ್ರ ಯಾವ ಪಾಕವಿಧಾನದಲ್ಲೂ ಬರೆದಿಲ್ಲ.

ಸ್ವಲ್ಪ ದುಡ್ಡಿರುವ ಮದುವೆಯಾದರೆ 'ಕಪ್ರೇಸೆ ಸ್ಟಿಕ್' ಬರುತ್ತದೆ. ಇಟಲಿಯ ಕಾಪ್ರಿ ದ್ವೀಪದ ಹೆಸರಿನ ಸಲಾಡದು: ಟೊಮೆಟೊ, ಮೊಝರೆಲ್ಲಾ, ಬೇಸಿಲ್ ಎಲೆ. ನಮ್ಮಲ್ಲಿ ಮೊಝರೆಲ್ಲಾ ಜಾಗಕ್ಕೆ ಪನೀರು ಬಂತು, ಬೇಸಿಲ್ ಜಾಗಕ್ಕೆ ತುಳಸಿ. ಅತಿಥಿಗಳಲ್ಲಿ ಅರ್ಧ ಜನ ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ, ಇನ್ನರ್ಧ ಜನ ತೀರ್ಥ ಎಲ್ಲಿ ಎಂದು ಹುಡುಕುತ್ತಾರೆ. ಸಿಹಿ ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯೇ. ಹೂವಿನಂಗಡಿಯಲ್ಲಿ ಸಿಗುತ್ತದೆ, ಬೀಜ ಫಲೂದಾಕ್ಕೆ ಬೀಳುತ್ತದೆ. ಆದರೆ ಮುಡಿಯುವ ಸೊಪ್ಪನ್ನು ತಿನ್ನಲು ಕೊಟ್ಟರು ಎಂಬ ಅಪವಾದ ಯಾರಿಗೆ ಬೇಕು? ಅದಕ್ಕೇ ಪ್ಯಾಕೆಟ್ಟಿನಲ್ಲಿ ಇಂಗ್ಲಿಷ್ ಹೆಸರು ಹೊತ್ತ ಅದೇ ಸೊಪ್ಪು ಸೂಪರ್ ಮಾರ್ಕೆಟಿನಿಂದ ಬರುತ್ತದೆ.

ಇಷ್ಟಾದ ಮೇಲೂ "ಕೋಸಂಬರಿಯನ್ನೇ ಕಡ್ಡಿಗೆ ಚುಚ್ಚಿ ಕೊಡಿ, ಟ್ರೆಡಿಷನಲ್ ಟಚ್ ಇರಲಿ" ಎನ್ನುವ ಗಿರಾಕಿ ಇದ್ದೇ ಇರುತ್ತಾರೆ. ಹೆಸರುಬೇಳೆಯನ್ನು ಒಂದೊಂದಾಗಿ ಪೋಣಿಸಲು ಸಾಧ್ಯವಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರೆ ಆರ್ಡರ್ ಕೈತಪ್ಪುತ್ತದೆ. ಅದಕ್ಕೊಂದು ಉಪಾಯ: ಸೌತೆಕಾಯಿಯನ್ನು ಮೂರು ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ತಳ ಬಿಟ್ಟು ನಡುವೆ ಕೊರೆದು ಬಟ್ಟಲು ಮಾಡಿ, ನೀರು ಬಸಿದ ಕೋಸಂಬರಿ ತುಂಬಿ, ಪಕ್ಕದಿಂದ ಕಡ್ಡಿ ತೂರಿಸಿ. ಚೆನ್ನಾಗಿಯೇ ಇರುತ್ತದೆ. ಕಡ್ಡಿ ತೆಗೆದರೆ ಇನ್ನೂ ಚೆನ್ನಾಗಿರುತ್ತದೆ.

ಕಡ್ಡಿಗಳನ್ನು ನಿಲ್ಲಿಸಲು ಬೂದುಗುಂಬಳಕಾಯಿ. ಒಂದು ಕಾಲಕ್ಕೆ ದೃಷ್ಟಿ ತೆಗೆದು ಒಡೆಯುತ್ತಿದ್ದುದನ್ನು ಈಗ ಮೈಯೆಲ್ಲ ಚುಚ್ಚಿ ಮುಳ್ಳುಹಂದಿ ಮಾಡಿ ಮೇಜಿನ ನಡುವೆ ಕೂರಿಸುತ್ತಾರೆ.

ತಿಂದ ಮೇಲೆ ಶುರುವಾಗುವುದು ನಿಜವಾದ ಸಮಾರಂಭ: ಖಾಲಿ ಕಡ್ಡಿಯ ವಿಲೇವಾರಿ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಫೋರ್ಕು, ಚಮಚ ನಿಷೇಧವಾದ ಮೇಲೆ ಬಿದಿರಿಗೆ ಎಲ್ಲಿಲ್ಲದ ಮರ್ಯಾದೆ, ಹಾಕಲು ಜಾಗ ಮಾತ್ರ ಇಲ್ಲ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮುಯ್ಯಿಯ ಕವರು. ಕಡ್ಡಿ ಹೋಗಿ ಅಲಂಕಾರದ ಆರ್ಕಿಡ್ ನಡುವೆ ಇನ್ನೊಂದು ದಂಟಾಗಿ ನಿಲ್ಲುತ್ತದೆ, ಇಲ್ಲವೇ ಕುರ್ಚಿಯ ಮೇಲೆ ಮಲಗಿ ಮುಂದೆ ಕೂರುವ ಹಿರಿಯರಿಗಾಗಿ ಕಾಯುತ್ತದೆ. ಆದ್ದರಿಂದ ಪೋಣಿಸಿದ ಮೇಲೆ ಚೂಪು ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಓಡುವ ಮಕ್ಕಳ ಕೈಗೆ ಕೊಡಬೇಡಿ, ಪ್ರತಿ ಮೇಜಿಗೂ ಒಂದು ಸ್ಟೀಲ್ ಚೊಂಬು ಇಡಿ. ಅರ್ಧ ಟೊಮೆಟೊ ಕಚ್ಚಿಕೊಂಡ ಕಡ್ಡಿ ಹಸಿ ಕಸವೋ ಒಣ ಕಸವೋ ಎಂಬ ಧರ್ಮಸೂಕ್ಷ್ಮವನ್ನು ಮರುದಿನ ಬೆಳಿಗ್ಗೆ ಪೌರಕಾರ್ಮಿಕರು ಬರಿಗೈಯಲ್ಲಿ ಬಿಡಿಸುತ್ತಾರೆ.

ರಾತ್ರಿ ಹನ್ನೊಂದಕ್ಕೆ ಫ್ರಿಜ್‌ನಿಂದ ಹೊರಬರದೆ ಉಳಿದ ಇನ್ನೂರು ಕಡ್ಡಿಗಳ ಸುತ್ತ ಅಡುಗೆಮನೆಯ ಹುಡುಗರು ಕೂರುತ್ತಾರೆ. ಒಂದೊಂದೇ ಕಡ್ಡಿ ಎಳೆದು ತುಂಡುಗಳನ್ನೆಲ್ಲ ಬೇಸಿನ್ನಿಗೆ ಸುರಿದು, ಒಂದು ಹಿಡಿ ಕಾಯಿತುರಿ ಹಾಕಿ, "ಭಟ್ರೇ, ಎರಡು ಕಾಳು ಸಾಸಿವೆ ಸಿಡಿಸಿ" ಎಂದು ಕೂಗುತ್ತಾರೆ.